ಕಂಪನಿ ನಾಟಕದ ಹಿರಿಯ ನಟರ ಬದುಕನ್ನು ಬರೆದಿಡುವುದು ಹೇಗೆ?

ಮೊದಲ ಭೇಟಿಗೆ ಪ್ರಶ್ನೆಗಳ ಪಟ್ಟಿ ಒಯ್ಯಬೇಡಿ. ನನ್ನ ಸೋದರಮಾವ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವರು, ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದವರು. “ಯಾವ ಇಸವಿ?” ಎಂದರೆ ಸುಮ್ಮನಾಗುತ್ತಿದ್ದರು. “ಮಾವ, ಆಗ ಕಂಪನಿ ಯಾವ ಊರಿನಲ್ಲಿ ಕ್ಯಾಂಪ್ ಹಾಕಿತ್ತು?” ಎಂದು ಕೇಳಿದೆ. ದಾವಣಗೆರೆಯ ಮಳೆ, ಸೋರುವ ತಗಡು, ಟಿಕೆಟ್ ಮಾರಾಟವಾಗದೆ ಗಂಜಿ ಕುಡಿದ ರಾತ್ರಿ, ಎಲ್ಲವೂ ಒಂದರ ಹಿಂದೊಂದು ಬಂದವು.

ಇಸವಿಯನ್ನು ಆಮೇಲೆ ಹೊಂದಿಸಿಕೊಳ್ಳಬಹುದು. ರಾಜ್‌ಕುಮಾರ್ ನಾಯಕರಾದ ‘ಬೇಡರ ಕಣ್ಣಪ್ಪ’ ತೆರೆಗೆ ಬಂದದ್ದು 1954ರಲ್ಲಿ. ಅದಕ್ಕೆ ಮುಂಚೆಯೋ ನಂತರವೋ ಎಂದು ಕೇಳಿದರೆ ಹಳಬರಿಗೆ ನೆನಪು ಚುರುಕಾಗುತ್ತದೆ.

ರಂಗಗೀತೆ ಹಾಡಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಮಾವನ ಕೈ ನಡುಗುತ್ತಿತ್ತು. ಆದರೆ ದುರ್ಯೋಧನನ ಮಾತು ಶುರುವಾದೊಡನೆ ಇಲ್ಲದ ಗದೆಯನ್ನು ಬಲಗೈ ಭುಜಕ್ಕೇರಿಸಿ ಅಲುಗದೆ ನಿಂತಿತು. ಇಂಥದ್ದು ಧ್ವನಿಮುದ್ರಣಕ್ಕೆ ಸಿಗುವುದಿಲ್ಲ, ಅಂದೇ ರಾತ್ರಿ ಬರೆದುಕೊಳ್ಳಿ.

ಫೋಟೊಗಳ ಹಿಂಬದಿಯನ್ನೂ ಚಿತ್ರ ತೆಗೆಯಿರಿ. ಸ್ಟುಡಿಯೋ ಮುದ್ರೆಯಲ್ಲಿ ಊರಿನ ಹೆಸರಿರುತ್ತದೆ. ಕರಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಕಾಗದ ಹಾಳಾಗುತ್ತದೆ. ಅತ್ತೆಯನ್ನು ಬೇರೆಯಾಗಿ ಮಾತನಾಡಿಸಿ. ನಾನು ತಡಮಾಡಿದೆ, ಪರದೆಯ ಹಿಂದೆ ಮಗುವನ್ನು ಮಲಗಿಸಿ ಪಾತ್ರಕ್ಕೆ ಓಡುತ್ತಿದ್ದವರು ಅವರೇ ಎಂದು ಎಷ್ಟೋ ವರ್ಷಗಳ ನಂತರ ತಿಳಿಯಿತು.