ಎಕ್ಸ್‌ಟೆನ್ಷನ್ ಎರಡೇ ಸಾಕು: ನಾನು ಫೈರ್‌ಫಾಕ್ಸ್ ಹೊಂದಿಸಿಕೊಂಡ ಬಗೆ

ಫೈರ್‌ಫಾಕ್ಸ್ ಬ್ರೌಸರ್ ಆರಿಸಿಕೊಂಡಿದ್ದು ಯುಬ್ಲಾಕ್ ಒರಿಜಿನ್‌ಗಾಗಿ. ಜಾಹೀರಾತು, ಟ್ರ್ಯಾಕರ್‌ಗಳನ್ನು ತಡೆಯುವ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಫ್ಟ್‌ವೇರ್) ಅದು. ಕ್ರೋಮ್ ಎಕ್ಸ್‌ಟೆನ್ಷನ್‌ಗಳ ಹೊಸ ಚೌಕಟ್ಟಾದ ಮ್ಯಾನಿಫೆಸ್ಟ್ ವಿ3ಗೆ ಹೋದಮೇಲೆ ಅಲ್ಲಿ ಉಳಿದಿರುವುದು ಅದರ ಲೈಟ್ ಆವೃತ್ತಿ ಮಾತ್ರ. ಪುಟ ಕಳಿಸುವ ಒಂದೊಂದು ರಿಕ್ವೆಸ್ಟನ್ನೂ ಎಕ್ಸ್‌ಟೆನ್ಷನ್ ತಾನೇ ನೋಡಿ ತಡೆಯಲು ಅಲ್ಲಿ ಬರುವುದಿಲ್ಲ. ಮೊದಲೇ ಒಪ್ಪಿಸಿದ ನಿಯಮಗಳನ್ನು ಬ್ರೌಸರ್ ನಡೆಸುತ್ತದೆ, ಅಷ್ಟೆ.

ಅಡ್ರೆಸ್ ಬಾರಿನಲ್ಲಿ ಅಬೌಟ್:ಪ್ರೊಫೈಲ್ಸ್ ಎಂದು ಕೊಟ್ಟು ಹೊಸ ಪ್ರೊಫೈಲ್ (ಸೆಟ್ಟಿಂಗ್, ಎಕ್ಸ್‌ಟೆನ್ಷನ್, ಬುಕ್‌ಮಾರ್ಕ್‌ಗಳ ಪ್ರತ್ಯೇಕ ಕಟ್ಟು) ಮಾಡಿಕೊಂಡೆ. ಏನಾದರೂ ಕೆಟ್ಟರೆ ಹಳೆಯದು ಹಾಗೇ ಇರುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಟ್ರ್ಯಾಕಿಂಗ್ ತಡೆಯನ್ನು 'ಸ್ಟ್ರಿಕ್ಟ್'ಗೆ ಇಟ್ಟು, ಸುರಕ್ಷಿತ ಸಂಪರ್ಕವನ್ನಷ್ಟೇ ಬಳಸುವ ಎಚ್‌ಟಿಟಿಪಿಎಸ್-ಓನ್ಲಿ ಮೋಡನ್ನು ಎಲ್ಲ ವಿಂಡೋಗಳಿಗೂ ಹಾಕಿದೆ. ಇದಕ್ಕೆಂದೇ ಬೇರೆ ಎಕ್ಸ್‌ಟೆನ್ಷನ್ ಹಾಕುವ ಕಾಲ ಮುಗಿದಿದೆ. ಎರಡು ಆಡ್‌ಬ್ಲಾಕರ್ ಒಟ್ಟಿಗೆ ಇಡುವುದಂತೂ ಬೇಡವೇ ಬೇಡ: ಪುಟ ಮುರಿಯದಂತೆ ಒಂದು ಮಾಡಿದ ಉಪಾಯವನ್ನು ಇನ್ನೊಂದು ಕೆಡಿಸುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಯುಬ್ಲಾಕ್‌ನ ಮೀಡಿಯಂ ಮೋಡ್. ಅದರ ಸೆಟ್ಟಿಂಗ್ಸ್‌ನಲ್ಲಿ 'ಐ ಆ್ಯಮ್ ಆ್ಯನ್ ಅಡ್ವಾನ್ಸ್ಡ್ ಯೂಸರ್' ಟಿಕ್ ಮಾಡಿದರೆ ಪಾಪ್‌ಅಪ್‌ನಲ್ಲಿ ಪಕ್ಕಪಕ್ಕ ಎರಡು ಕಾಲಮ್ ಸಿಗುತ್ತವೆ. ಮೊದಲನೆಯದು ಎಲ್ಲ ಸೈಟುಗಳಿಗೆ, ಎರಡನೆಯದು ತೆರೆದಿರುವ ಸೈಟಿಗೆ. ಮೊದಲ ಕಾಲಮ್‌ನಲ್ಲಿ ಥರ್ಡ್-ಪಾರ್ಟಿ ಸ್ಕ್ರಿಪ್ಟ್ (ಬೇರೆ ಡೊಮೇನ್‌ನಿಂದ ಬರುವ ಕೋಡ್), ಥರ್ಡ್-ಪಾರ್ಟಿ ಫ್ರೇಮ್ (ಪುಟದೊಳಗೆ ಕೂರುವ ಬೇರೆ ಡೊಮೇನ್‌ನ ಪುಟ) ಎರಡನ್ನೂ ಕೆಂಪು ಮಾಡಿದೆ, ಅಂದರೆ ತಡೆದೆ. ಮರುಕ್ಷಣವೇ ಅರ್ಧ ಸೈಟುಗಳು ಕುಂಟುತ್ತವೆ, ಗಾಬರಿ ಬೇಡ. ಕೆಟ್ಟ ಸೈಟಿನಲ್ಲಿ ಬೇಕಾದ ಡೊಮೇನ್ ಹುಡುಕಿ, ಎರಡನೇ ಕಾಲಮ್‌ನಲ್ಲಿ ಬೂದು ಬಣ್ಣದ 'ನೂಪ್' ಕೊಟ್ಟು, ಪುಟ ರಿಲೋಡ್ ಮಾಡುವುದು. ಹಸಿರು ಕಾಣಿಸಿದರೂ ಒತ್ತಬಾರದು. ನೂಪ್ ಈ ಒಂದು ತಡೆಯನ್ನಷ್ಟೇ ಸಡಿಲಿಸುತ್ತದೆ, ಈಸಿಲಿಸ್ಟ್ ಮುಂತಾದ ಸಿದ್ಧ ಫಿಲ್ಟರ್ ಪಟ್ಟಿಗಳು ಕಾವಲಿಗಿರುತ್ತವೆ. ಹಸಿರು ಅವನ್ನೂ ದಾಟಿಸಿ ಎಲ್ಲವನ್ನೂ ಒಳಗೆ ಬಿಡುತ್ತದೆ. ಸರಿಹೋದ ಮೇಲೆ ಬೀಗದ ಗುರುತು ಒತ್ತಲು ಮರೆತರೆ, ಬ್ರೌಸರ್ ಮುಚ್ಚಿ ತೆರೆಯುವಷ್ಟರಲ್ಲಿ ನಿಯಮ ಮಾಯ.

ಎರಡನೇ ಎಕ್ಸ್‌ಟೆನ್ಷನ್ ಮಲ್ಟಿ-ಅಕೌಂಟ್ ಕಂಟೇನರ್ಸ್. ಟ್ಯಾಬ್‌ಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ (ಕಂಟೇನರ್) ಇಟ್ಟು, ಒಂದರ ಕುಕಿ, ಲಾಗಿನ್ ಇನ್ನೊಂದಕ್ಕೆ ಸಿಗದಂತೆ ಮಾಡುತ್ತದೆ. ಒಂದೇ ಸೈಟಿನಲ್ಲಿ ಎರಡು ಖಾತೆ ಇರುವವರಿಗೆ ಇದು ವರ. ಒಂದು ಸೈಟನ್ನು ಒಂದು ಕಂಟೇನರ್‌ಗೆ ಕಟ್ಟಿಹಾಕಿದಾಗ, ಬೇರೆ ಸೈಟಿನಿಂದ ಅದರ ಖಾತೆಯ ಮೂಲಕ ಲಾಗಿನ್ ಆಗಲು ಹೋದರೆ ಕೆಲವೊಮ್ಮೆ ಸೆಷನ್ ತಪ್ಪುತ್ತದೆ. ಆಗ ಎರಡನ್ನೂ ಒಂದೇ ಕಂಟೇನರ್‌ನಲ್ಲಿ ತೆರೆಯುತ್ತೇನೆ.

ಫೈರ್‌ಫಾಕ್ಸ್‌ನ ಒಳ ಸೆಟ್ಟಿಂಗ್‌ಗಳ ಪುಟ ಅಬೌಟ್:ಕಾನ್ಫಿಗ್. ಬ್ರೌಸರಿನ ಲಕ್ಷಣಗಳಿಂದ ನಮ್ಮನ್ನು ಗುರುತಿಸದಂತೆ ತಡೆಯುವ ಅದರ 'ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್' ಹಾಕಿ ನೋಡಿ, ತೆಗೆದೆ. ಸಮಯವನ್ನು ನಮ್ಮ ಗಡಿಯಾರದ ಬದಲು ಯುಟಿಸಿಯಲ್ಲಿ (ವಿಶ್ವ ಪ್ರಮಾಣ ಸಮಯ) ಹೇಳುವುದರಿಂದ ವೆಬ್ ಕ್ಯಾಲೆಂಡರ್ ಗಂಟೆ ತಪ್ಪಿಸುತ್ತದೆ. ಕ್ಯಾನ್ವಾಸ್ (ಪುಟದಲ್ಲಿ ಚಿತ್ರ ಬಿಡಿಸುವ ಸೌಲಭ್ಯ) ಬಳಸುವ ವೆಬ್ ಫೋಟೋ ಎಡಿಟರ್‌ಗಳಲ್ಲಿ ಚಿತ್ರದ ಬದಲು ಬಣ್ಣದ ಪಟ್ಟೆಗಳು ಬರುತ್ತವೆ.

ನಿಯಮಗಳು ಒಂದು ಹದಕ್ಕೆ ಬಂದಮೇಲೆ ಯುಬ್ಲಾಕ್ ಸೆಟ್ಟಿಂಗ್ಸ್‌ನ ತಳದಲ್ಲಿರುವ 'ಬ್ಯಾಕ್ ಅಪ್ ಟು ಫೈಲ್' ಒತ್ತಿ ಫೈಲ್ ಉಳಿಸಿಕೊಂಡೆ. ಹೊಸ ಯಂತ್ರದಲ್ಲಿ ಅದನ್ನು ರಿಸ್ಟೋರ್ ಮಾಡಿದರೆ ನೂಪ್‌ಗಳೆಲ್ಲ ಇದ್ದಹಾಗೇ ಬರುತ್ತವೆ.