ಕಸ ಪರೀಕ್ಷಿಸುವ ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ: ನಾವು ಮಾಡಿದ ರೀತಿ

ಅಪಾಯಕಾರಿ ತ್ಯಾಜ್ಯ ಪರೀಕ್ಷಿಸುವ ಲ್ಯಾಬ್ ಮಾಡಿ, ಅದಕ್ಕೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಡೆಯಬೇಕು ಅಂತಿದ್ದೀರಾ? ಹಾಗಾದರೆ ಮೊದಲೇ ಲೋಹಗಳ ಪ್ರಮಾಣ ಅಳೆಯುವ ಐಸಿಪಿ ಯಂತ್ರದ ಕೊಟೇಶನ್ ತರಿಸಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಯಂತ್ರ ಬೇಕು, ಇಲ್ಲ ಅಂತಲ್ಲ. ಆದರೆ ಕಸದ ಪರೀಕ್ಷೆಯಲ್ಲಿ ಫಲಿತಾಂಶ ಸರಿಯೋ ತಪ್ಪೋ ಅನ್ನುವುದು ಯಂತ್ರದ ಹತ್ತಿರ ಹೋಗುವ ಮೊದಲೇ ಬಹುಪಾಲು ತೀರ್ಮಾನ ಆಗಿರುತ್ತದೆ. ಸ್ಯಾಂಪಲ್ ಚೀಲ ಬಿಚ್ಚುವುದರಿಂದ ಹಿಡಿದು ಸೋಸಿದ ದ್ರಾವಣ ಬಾಟಲಿಗೆ ಬೀಳುವವರೆಗಿನ ಕೆಲಸ ಇದೆಯಲ್ಲ, ಮಾನ್ಯತೆಗೆ ಮೊದಲು ಲ್ಯಾಬ್ ಪರಿಶೀಲಿಸುವ ಅಸೆಸರ್ ಬಂದಾಗ ಜಾಸ್ತಿ ಹೊತ್ತು ನಿಲ್ಲುವುದು ಅಲ್ಲೇ.

ನಮ್ಮದು ಬೆಂಗಳೂರಿನ ಪೀಣ್ಯದ ಕಡೆ ಇರುವ ಸಣ್ಣ ಲ್ಯಾಬ್. ಮೊದಲು ನೀರು, ಕೊಳಚೆ ನೀರು ಮಾತ್ರ ನೋಡುತ್ತಿದ್ದೆವು. ಸುತ್ತಮುತ್ತ ಎಲೆಕ್ಟ್ರೋಪ್ಲೇಟಿಂಗ್ (ಲೋಹದ ಲೇಪ ಹಾಕುವ) ಘಟಕಗಳು ತುಂಬಾ ಇವೆ, ಅವರ ಇಟಿಪಿಯ (ಕೊಳಚೆ ನೀರು ಶುದ್ಧೀಕರಿಸುವ ಘಟಕದ) ಸ್ಲಡ್ಜ್, ಅಂದರೆ ಅಲ್ಲಿ ಉಳಿಯುವ ಕೆಸರು, ಪರೀಕ್ಷೆ ಮಾಡಿ ಕೊಡಿ ಅಂತ ಕೇಳುವವರು ಬರುತ್ತಲೇ ಇದ್ದರು. ಹಾಗಾಗಿ ಸ್ಕೋಪ್, ಅಂದರೆ ಮಾನ್ಯತೆ ಇರುವ ಪರೀಕ್ಷೆಗಳ ಪಟ್ಟಿ, ವಿಸ್ತರಿಸಲು ಕೈಹಾಕಿದೆವು. ಕ್ವಾಲಿಟಿ ಕೆಲಸ ನನ್ನ ಮೇಲಿತ್ತು.

ಬೇಕಾದ ಅರ್ಹತೆ ಏನು ಅನ್ನುವುದು ಕಾಗದದ ಮೇಲೆ ಸರಳವಾಗಿದೆ. ಲ್ಯಾಬ್ ಐಎಸ್‌ಒ/ಐಇಸಿ 17025:2017 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನಡೆಯಬೇಕು. ಅದನ್ನು ನೋಡಿ ಮಾನ್ಯತೆ ಕೊಡುವುದು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಕೆಳಗಿರುವ ಎನ್‌ಎಬಿಎಲ್. ಯಾವ ಕಸ ಅಪಾಯಕಾರಿ ಅಂತ ಹೇಳುವುದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು. ಶೆಡ್ಯೂಲ್ 1ರಲ್ಲಿ ಕೈಗಾರಿಕಾ ಪ್ರಕ್ರಿಯೆಗಳ ಪಟ್ಟಿ ಇದೆ. ಶೆಡ್ಯೂಲ್ 2ರಲ್ಲಿ ಮಿತಿಗಳಿವೆ. ಲ್ಯಾಬಿನವರ ದಿನನಿತ್ಯದ ಕೆಲಸ ಈ ಎರಡನೆಯದರ ಜೊತೆ. ಅದರ ಎ ವರ್ಗದಲ್ಲಿ ಕಸದಿಂದ ಬಸಿದು ಬರುವ ಪ್ರಮಾಣಕ್ಕೆ ಮಿತಿ ಹಾಕಿದ್ದಾರೆ. ಸೀಸ, ಕ್ರೋಮಿಯಂ, ಆರ್ಸೆನಿಕ್ ಲೀಟರಿಗೆ 5 ಮಿಲಿಗ್ರಾಂ, ಕ್ಯಾಡ್ಮಿಯಂ 1, ಪಾದರಸ 0.2. ಬಿ ವರ್ಗದ್ದು ಕಸದಲ್ಲಿರುವ ಒಟ್ಟು ಪ್ರಮಾಣ. ಸಿ ವರ್ಗದಲ್ಲಿ ಬೆಂಕಿ ಹತ್ತುವುದು, ತಾಗಿದ್ದನ್ನು ಕೊರೆದು ತಿನ್ನುವುದು, ಪ್ರತಿಕ್ರಿಯಿಸುವುದು, ವಿಷಕಾರಿಯಾಗಿರುವುದು ಇಂಥ ಗುಣಗಳು.

ಇಲ್ಲೊಂದು ವಿಷಯ ಗಟ್ಟಿಯಾಗಿ ಹೇಳಬೇಕು. "ನಿಮಗೆ ಎನ್‌ಎಬಿಎಲ್ ಇದೆಯಾ?" ಅಂತ ಗ್ರಾಹಕರು ಕೇಳುತ್ತಾರೆ. ಆ ಪ್ರಶ್ನೆ ಸಾಲದು. ಮಾನ್ಯತೆ ಸಿಗುವುದು ಲ್ಯಾಬಿಗೆ ಒಟ್ಟಾಗಿ ಅಲ್ಲ. ಯಾವ ವಸ್ತು, ಯಾವ ಪರೀಕ್ಷೆ, ಯಾವ ವಿಧಾನ ಅಂತ ಸಾಲು ಸಾಲಾಗಿ ಸ್ಕೋಪ್ ಪಟ್ಟಿಯಲ್ಲಿ ಇರುತ್ತದೆ. ಕುಡಿಯುವ ನೀರಿನಲ್ಲಿ ಸೀಸ ಅಳೆಯಲು ಮಾನ್ಯತೆ ಇದ್ದ ಮಾತ್ರಕ್ಕೆ ಸ್ಲಡ್ಜ್‌ನಲ್ಲಿ ಸೀಸ ಅಳೆದು ಎನ್‌ಎಬಿಎಲ್ ಚಿಹ್ನೆ ಹಾಕಿ ರಿಪೋರ್ಟ್ ಕೊಡುವ ಹಾಗಿಲ್ಲ. ನಾವು ಅರ್ಜಿ ಹಾಕುವಾಗ ಇದೇ ಕಾರಣಕ್ಕೆ ಆಸೆ ಕಡಿಮೆ ಮಾಡಿಕೊಂಡೆವು. ಲೋಹಗಳು, ಪಿಎಚ್, ತೇವಾಂಶ, ಕ್ಯಾಲೊರಿಫಿಕ್ ಮೌಲ್ಯ (ಉರಿದಾಗ ಸಿಗುವ ಶಾಖ), ಫ್ಲ್ಯಾಶ್ ಪಾಯಿಂಟ್ (ಆವಿಗೆ ಬೆಂಕಿ ಹತ್ತುವ ಉಷ್ಣತೆ), ಪೇಂಟ್ ಫಿಲ್ಟರ್ ಪರೀಕ್ಷೆ, ಇಷ್ಟೇ. ಕಾಂಪೋಸ್ಟ್‌ಗೆ ಬೇರೆ ಸಾಲು, ಏಕೆಂದರೆ ಅದರ ಮಿತಿಗಳು ಬರುವುದು 1985ರ ರಸಗೊಬ್ಬರ ನಿಯಂತ್ರಣ ಆದೇಶದಿಂದ. ನಗರದ ಕಾಂಪೋಸ್ಟ್‌ನಲ್ಲಿ ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5, ಪಾದರಸ 0.15 ದಾಟಬಾರದು. ಆ 0.15 ಅಳೆಯಲು ನಿಮ್ಮ ಯಂತ್ರಕ್ಕೆ ತಾಕತ್ತಿದೆಯಾ ಅಂತ ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ.

ಈಗ ಸ್ಯಾಂಪಲ್ ವಿಷಯಕ್ಕೆ ಬರೋಣ. ಸ್ಲಡ್ಜ್ ಅಂದರೆ ನೀರಿನ ಹಾಗೆ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಚೀಲದ ಮೇಲೆ ಒಣಗಿದ ಹೆಂಟೆ, ಕೆಳಗೆ ಜೌಗು. ಸುಮ್ನೆ ಮೇಲಿಂದ ಒಂದು ಚಮಚ ತೆಗೆದರೆ ಅದು ಚೀಲದ ಕಥೆ ಹೇಳುವುದಿಲ್ಲ. ಹಾಗಾಗಿ ಇಡೀ ಸ್ಯಾಂಪಲ್ ಟ್ರೇಗೆ ಸುರಿದು ಬೆರೆಸಿ, ಗುಡ್ಡೆ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಮತ್ತೆ ಅದನ್ನೇ ಮಾಡುತ್ತೇವೆ. ಇದನ್ನು ಬರೆದಿಟ್ಟ ವಿಧಾನ, ಮಾಡಿದವರ ಸಹಿ, ಉಳಿದದ್ದು ಎಲ್ಲಿದೆ ಅನ್ನುವ ದಾಖಲೆ, ಎಲ್ಲವೂ ಬೇಕು. ಗ್ರಾಹಕರೇ ಸ್ಯಾಂಪಲ್ ತಂದು ಕೊಟ್ಟಿದ್ದರೆ, ಫಲಿತಾಂಶ ತಂದುಕೊಟ್ಟ ಸ್ಯಾಂಪಲ್‌ಗೆ ಮಾತ್ರ ಅಂತ ರಿಪೋರ್ಟ್‌ನಲ್ಲಿ ಬರೆಯಲೇಬೇಕು. ಸ್ಕೋಪ್‌ನಲ್ಲಿ ಸ್ಯಾಂಪ್ಲಿಂಗ್ ಕೂಡ ಕೇಳಿದರೆ, ನಿಮ್ಮ ಹುಡುಗರು ಫ್ಯಾಕ್ಟರಿಗೆ ಹೋಗಿ ಸ್ಯಾಂಪಲ್ ತೆಗೆಯುವುದನ್ನೂ ಅಸೆಸರ್ ನೋಡಬಹುದು.

ಇನ್ನು ಟಿಸಿಎಲ್‌ಪಿ, ಅಂದರೆ ಕಸದಿಂದ ಬಸಿದು ಬರುವ ವಿಷದ ಪರೀಕ್ಷೆ. ಈ ಕ್ಷೇತ್ರದ ಮುಖ್ಯ ಪರೀಕ್ಷೆ ಇದೇ, ಅಮೆರಿಕದ ಪರಿಸರ ಸಂಸ್ಥೆ ಇಪಿಎಯ 1311 ವಿಧಾನ. ಊರ ಕಸದ ಗುಂಡಿಯಲ್ಲಿ ಕೊಳೆತು ಹುಟ್ಟುವ ಹುಳಿ ನೀರು ಈ ಕಸದ ಮೂಲಕ ಇಳಿದರೆ ಎಷ್ಟು ವಿಷ ಕರಗಿ ಬರುತ್ತದೆ ಅಂತ ಲ್ಯಾಬಿನಲ್ಲಿ ಅನುಕರಿಸಿ ನೋಡುವುದು. ಕಸವನ್ನು 9.5 ಮಿಲಿಮೀಟರ್ ಜರಡಿ ದಾಟುವಷ್ಟು ಸಣ್ಣ ಮಾಡಿ, ಅದರ ತೂಕದ 20 ಪಟ್ಟು ಅಸಿಟಿಕ್ ಆಮ್ಲದ ದ್ರಾವಣ ಹಾಕಿ, ಬಾಟಲಿಯನ್ನು ತಲೆಕೆಳಗಾಗಿ ತಿರುಗಿಸುತ್ತಾ 18 ಗಂಟೆ ಬಿಡಬೇಕು. ಎರಡು ಗಂಟೆ ಆಚೀಚೆ ಆಗಬಹುದು. ನಿಮಿಷಕ್ಕೆ 30 ಸುತ್ತು, ಅದಕ್ಕೆ 2 ಸುತ್ತಿನ ವಿನಾಯಿತಿ. ಕೋಣೆ 23 ಡಿಗ್ರಿ, ಎರಡು ಡಿಗ್ರಿ ಹೆಚ್ಚು ಕಡಿಮೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದೆ ಇದು ಆಗದ ಮಾತು. ರಾತ್ರಿಯೆಲ್ಲ ಕೋಣೆಯ ಉಷ್ಣತೆ ಬರೆದುಕೊಳ್ಳುವ ಲಾಗರ್ ಕೂಡ ಬೇಕು, ಅದಕ್ಕೂ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಬೇಕು. ಕರೆಂಟ್ ಹೋದರೆ ತಿರುಗುವುದು ನಿಲ್ಲುತ್ತದೆ, ಆದ್ದರಿಂದ ಆ ಯಂತ್ರಕ್ಕೆ ಯುಪಿಎಸ್ ಹಾಕಿಸಿ.

ಆದರೆ ಇದಕ್ಕಿಂತ ಮುಖ್ಯವಾದದ್ದು ಎರಡು ಅಸಿಟಿಕ್ ದ್ರಾವಣಗಳಲ್ಲಿ ಯಾವುದು ಅನ್ನುವ ಆಯ್ಕೆ. ಒಂದನೆಯದರ ಪಿಎಚ್ 4.93, ಎರಡನೆಯದರದು 2.88. ಎರಡರಲ್ಲೂ ಲೀಟರಿಗೆ 5.7 ಮಿಲಿಲೀಟರ್ ಗ್ಲೇಷಿಯಲ್ ಅಸಿಟಿಕ್ ಆಮ್ಲವೇ, ಒಂದನೆಯದಕ್ಕೆ ಮಾತ್ರ ಕಾಸ್ಟಿಕ್ ಸೋಡಾ ಸೇರುತ್ತದೆ. ಯಾವುದು ಅಂತ ಗೊತ್ತಾಗಲು 5 ಗ್ರಾಂ ಪುಡಿಯನ್ನು 96.5 ಮಿಲಿಲೀಟರ್ ನೀರಿನಲ್ಲಿ 5 ನಿಮಿಷ ಕಲಕಿ ಪಿಎಚ್ ನೋಡಬೇಕು. 5ಕ್ಕಿಂತ ಕಡಿಮೆ ಬಂದರೆ ಒಂದನೆಯ ದ್ರಾವಣ. ಜಾಸ್ತಿ ಬಂದರೆ 3.5 ಮಿಲಿಲೀಟರ್ 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, 50 ಡಿಗ್ರಿಗೆ ಬಿಸಿ ಮಾಡಿ, 10 ನಿಮಿಷ ಹಾಗೇ ಇಟ್ಟು, ಆರಿದ ಮೇಲೆ ಮತ್ತೆ ನೋಡಬೇಕು. ಆಗಲೂ 5 ದಾಟಿದರೆ ಎರಡನೆಯದು. ಪ್ಲೇಟಿಂಗ್ ಸ್ಲಡ್ಜ್‌ನಲ್ಲಿ ಇಟಿಪಿಗೆ ಹಾಕಿದ ಸುಣ್ಣ ತುಂಬಿರುತ್ತದೆ. ಎಷ್ಟು ಆಮ್ಲ ಹಾಕಿದರೂ ಸುಣ್ಣ ನುಂಗಿಬಿಡುತ್ತದೆ. ಈ ಸಣ್ಣ ಪರೀಕ್ಷೆ ಬಿಟ್ಟು ಯಾವಾಗಲೂ ಒಂದನೆಯ ದ್ರಾವಣವನ್ನೇ ಹಾಕುತ್ತಾ ಹೋದರೆ ಲೋಹ ಕಡಿಮೆ ಕರಗುತ್ತದೆ, ಅಪಾಯಕಾರಿ ಕಸ ಸಾದಾ ಕಸ ಅಂತ ರಿಪೋರ್ಟ್ ಆಗುತ್ತದೆ, ಆಮೇಲೆ ಅದು ಯಾವುದೋ ಕೆರೆಯಂಚಿಗೆ ಹೋಗಿ ಬೀಳುತ್ತದೆ. ಐಸಿಪಿ ಎಷ್ಟೇ ಒಳ್ಳೆಯದಿದ್ದರೂ ಈ ತಪ್ಪನ್ನು ಹಿಡಿಯಲಾರದು. ನಮ್ಮ ವರ್ಕ್‌ಶೀಟ್‌ನಲ್ಲಿ ಈ ಎರಡೂ ಪಿಎಚ್ ಬರೆಯದೆ ಮುಂದಿನ ಕಾಲಂಗೆ ಹೋಗಲು ಆಗದ ಹಾಗೆ ಮಾಡಿದ್ದೇವೆ.

ಸ್ಪೈಕ್ ಹಾಕುವುದರಲ್ಲೂ ಒಂದು ಸೂಕ್ಷ್ಮ ಇದೆ. ಗೊತ್ತಿರುವ ಪ್ರಮಾಣದ ಲೋಹ ಸೇರಿಸಿ ಎಷ್ಟು ವಾಪಸ್ ಸಿಗುತ್ತದೆ ಅಂತ ನೋಡುವುದು ಎಲ್ಲ ಲ್ಯಾಬಿನವರಿಗೂ ರೂಢಿ. ಟಿಸಿಎಲ್‌ಪಿಯಲ್ಲಿ ಅದನ್ನು ಕಸಕ್ಕೆ ಹಾಕಬಾರದು. ಸೋಸಿದ ಮೇಲೆ, ನೈಟ್ರಿಕ್ ಆಮ್ಲ ಹಾಕಿ ಕಾಪಿಡುವ ಮೊದಲು ಹಾಕಬೇಕು. ಒಂದು ಬಾಟಲಿಯಲ್ಲಿ 20 ಬಾರಿ ಈ ಕೆಲಸ ಮಾಡಿದರೆ ಒಂದಾದರೂ ಬ್ಲ್ಯಾಂಕ್ (ಕಸ ಹಾಕದೆ ಬರೀ ದ್ರಾವಣದ ಪರೀಕ್ಷೆ) ನಡೆಸಿರಬೇಕು. ಹಾಗಾಗಿ ಬಾಟಲಿಗಳಿಗೆಲ್ಲ ನಂಬರ್ ಹಾಕಿ, ಪ್ರತಿಯೊಂದಕ್ಕೂ ಲೆಕ್ಕ ಇಟ್ಟೆವು. ಅಸೆಸರ್ ಆ ಲೆಕ್ಕದ ಪುಸ್ತಕವನ್ನು ಹಾಳೆ ಹಾಳೆ ತಿರುವಿ ನೋಡಿದರು. ಆಮೇಲೆ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಬಾಟಲಿ ಎಷ್ಟು ಸುತ್ತು ತಿರುಗುತ್ತದೆ ಅಂತ ತಾವೇ ಎಣಿಸಿದರು. ಸುತ್ತಿನ ದಾಖಲೆ ತೋರಿಸಿದ್ದೆವು, ಆದರೂ ಎಣಿಸಿದರು. ಹೀಗೆ ನೋಡುವವರೇ ಬೇಕು.

ಪೇಂಟ್ ಫಿಲ್ಟರ್ ಪರೀಕ್ಷೆ ಸುಲಭ. 60 ಮೆಶ್ ಪೇಂಟ್ ಸೋಸುವ ಕೋನ್‌ನಲ್ಲಿ 100 ಗ್ರಾಂ ಇಟ್ಟು 5 ನಿಮಿಷ ಕಾಯುವುದು, ಹನಿ ಬಿದ್ದರೆ ಫೇಲ್. ಆ ಕಸವನ್ನು ಹಾಗೇ ಅಪಾಯಕಾರಿ ಕಸಕ್ಕೆಂದೇ ಇರುವ ಸುರಕ್ಷಿತ ಗುಂಡಿಗೆ ಹಾಕುವಂತಿಲ್ಲ.

ಹೊಸಬರು ಹೆದರುವುದು ಅನಿಶ್ಚಿತತೆಯ ಲೆಕ್ಕಕ್ಕೆ, ಅಂದರೆ ಅಳತೆ ಎಷ್ಟು ಆಚೀಚೆ ಇರಬಹುದು ಅನ್ನುವುದಕ್ಕೆ. ಹೆದರಬೇಡಿ, ಆದರೆ ನಿರ್ಲಕ್ಷ್ಯವೂ ಬೇಡ. ಕ್ರೋಮಿಯಂ 4.8 ಬಂತು, ಮಿತಿ 5, ನಿಮ್ಮ ಅಳತೆಯ ಅನಿಶ್ಚಿತತೆ 0.5 ಅಂದುಕೊಳ್ಳಿ. ಪಾಸೋ ಫೇಲೋ? ಇದಕ್ಕೆ ನಿರ್ಣಯದ ನಿಯಮ ಮೊದಲೇ ಬರೆದಿಟ್ಟು, ಗ್ರಾಹಕರಿಗೆ ತಿಳಿಸಿ, ಕೆಲಸ ಒಪ್ಪಿಕೊಳ್ಳುವಾಗಲೇ ಅವರ ಒಪ್ಪಿಗೆ ಪಡೆದಿರಬೇಕು. ಫಲಿತಾಂಶ ನೋಡಿದ ಮೇಲೆ ನಿಯಮ ಹುಡುಕುವುದು ಮೋಸ. ನಮಗೂ ಒಂದು ಘಟಕದವರು ಫೋನ್ ಮಾಡಿ "ಸ್ವಲ್ಪ ಕಡಿಮೆ ಮಾಡಿ ಕೊಡಿ ಸಾರ್, ಎಲ್ಲರೂ ಕೊಡ್ತಾರೆ" ಅಂದರು. ಕೊಡಲಿಲ್ಲ. ಅವರು ಬೇರೆ ಕಡೆ ಹೋದರು. ಆ ಫೋನ್ ಬಂದ ವಿಷಯವನ್ನು ನಿಷ್ಪಕ್ಷಪಾತಕ್ಕೆ ಇರುವ ಅಪಾಯಗಳ ಪಟ್ಟಿಯಲ್ಲಿ ಬರೆದೆವು, ಏಕೆಂದರೆ 17025 ಕೇಳುವುದು ಅದನ್ನೇ. ಇಟಿಪಿ ಕಟ್ಟಿಸುವ ಕನ್ಸಲ್ಟೆನ್ಸಿಯೂ ನಿಮ್ಮದೇ ಆಗಿದ್ದರೆ ಈ ಭಾಗಕ್ಕೆ ಇನ್ನೂ ಗಟ್ಟಿ ಉತ್ತರ ಬೇಕು.

ಪ್ರಾವೀಣ್ಯ ಪರೀಕ್ಷೆ ಅಂದರೆ ಪಿಟಿ, ಒಂದೇ ಸ್ಯಾಂಪಲ್ ಅನ್ನು ಹಲವು ಲ್ಯಾಬ್‌ಗಳು ಅಳೆದು ಹೋಲಿಸುವುದು. ಅದರಲ್ಲಿ ನೀರಿನದು ಸಲೀಸಾಗಿ ಸಿಗುತ್ತದೆ, ಸ್ಲಡ್ಜ್‌ನದು ಅಷ್ಟು ಸಲೀಸಲ್ಲ. ಮೊದಲೇ ಹೆಸರು ಹಚ್ಚಿ. ಝಡ್ ಸ್ಕೋರ್ (ಒಪ್ಪಿತ ಮೌಲ್ಯದಿಂದ ನಿಮ್ಮ ಫಲಿತಾಂಶ ಎಷ್ಟು ದೂರ ಅನ್ನುವ ಅಂಕ) 2ರ ಒಳಗಿದ್ದರೆ ಸರಿ, 2ರಿಂದ 3 ಅನುಮಾನ, 3 ದಾಟಿದರೆ ಕಾರಣ ಹುಡುಕಿ ತೋರಿಸಬೇಕು. ಪಿಟಿ ಸಿಗದ ಕಡೆ ಬೇರೆ ಮಾನ್ಯ ಲ್ಯಾಬಿನ ಜೊತೆ ಒಂದೇ ಸ್ಯಾಂಪಲ್ ಹಂಚಿಕೊಂಡು ಹೋಲಿಸಿ. ಪ್ರಮಾಣಿತ ವಸ್ತು (ಲೋಹ ಎಷ್ಟಿದೆ ಅಂತ ಮೊದಲೇ ಖಚಿತವಾಗಿ ಗೊತ್ತಿರುವ ಸ್ಯಾಂಪಲ್) ಕೊಳ್ಳುವಾಗ ಬರೀ ನೀರಿನ ದ್ರಾವಣ ಸಾಲದು, ಮಣ್ಣಿನದೋ ಸ್ಲಡ್ಜ್‌ನದೋ ಒಂದನ್ನು ತರಿಸಿ. ಬೆಲೆ ಜಾಸ್ತಿ, ಆದರೆ ಆಮ್ಲದಲ್ಲಿ ಕರಗಿಸುವ ಹಂತ ಸರಿಯಿದೆಯೋ ಇಲ್ಲವೋ ಅಂತ ಚೆನ್ನಾಗಿ ಹೇಳುವುದು ಅದೇ.

ಎನ್‌ಎಬಿಎಲ್ ಸಿಕ್ಕ ಮೇಲೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಮಾನ್ಯತೆ ಬೇಕು ಅಂತಿದ್ದರೆ ಅದು ಬೇರೆ ಅರ್ಜಿ. ಅಲ್ಲಿ ಕೆಲಸಗಾರರ ಸುರಕ್ಷತೆಯ ಐಎಸ್‌ಒ 45001 ಕೂಡ ಕೇಳುತ್ತಾರೆ. ಅದನ್ನು ಬರೀ ಸರ್ಟಿಫಿಕೇಟ್ ಅಂದುಕೊಳ್ಳಬೇಡಿ. ಸೈನೈಡ್ ಇರುವ ಸ್ಲಡ್ಜ್‌ಗೆ ಆಮ್ಲ ತಾಗಿದರೆ ವಿಷದ ಗಾಳಿ ಏಳುತ್ತದೆ, ಚೀಲ ಬಿಚ್ಚುವ ಹುಡುಗನಿಗೆ ಅದು ಗೊತ್ತಿರಬೇಕು. ಅದಕ್ಕೇ ನಾವು ಸ್ಯಾಂಪಲ್ ತೆಗೆದುಕೊಳ್ಳುವ ಫಾರಂನಲ್ಲೇ ಯಾವ ಪ್ರಕ್ರಿಯೆಯ ಕಸ, ಸೈನೈಡ್ ಬಾತ್ (ಲೇಪ ಹಾಕುವ ಸೈನೈಡ್ ದ್ರಾವಣ) ಇದೆಯಾ ಅಂತ ಕೇಳುತ್ತೇವೆ. ಹೇಳದಿದ್ದರೆ ಚೀಲ ಬಿಚ್ಚುವುದಿಲ್ಲ. ಪರೀಕ್ಷೆ ಮುಗಿದು ಉಳಿದ ಸ್ಲಡ್ಜ್, ಆಮ್ಲದ ನೀರು ನಮ್ಮ ಲ್ಯಾಬಿನದೇ ಅಪಾಯಕಾರಿ ಕಸ. ಅದನ್ನು ಬೇರೆ ಬೇರೆ ಡಬ್ಬಿಯಲ್ಲಿ ಲೇಬಲ್ ಹಾಕಿ ಇಟ್ಟು, ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಕಳಿಸಿ ಮ್ಯಾನಿಫೆಸ್ಟ್ (ಸಾಗಣೆಯ ದಾಖಲೆ) ಫೈಲ್ ಮಾಡುತ್ತೇವೆ. ನಿಮ್ಮ ಬಜೆಟ್‌ನಲ್ಲಿ ಈ ಖರ್ಚಿಗೂ ಒಂದು ಸಾಲು ಇಡಿ.