ಮಾತ್ರೆಯ ಜೊತೆಗೆ ಜೋಳದ ರೊಟ್ಟಿ: ನನ್ನ ಅನುಭವ

ಧಾರವಾಡದಲ್ಲಿ ಆಹಾರ ಸಲಹೆಗಾರ್ತಿಯಾಗಿರುವ ನನ್ನ ಬಳಿಗೆ ಮನೋವೈದ್ಯರು ಕಳುಹಿಸುವವರಲ್ಲಿ ಹೆಚ್ಚಿನವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು. ಆತಂಕಕ್ಕೋ ಖಿನ್ನತೆಗೋ ಚಿಕಿತ್ಸೆ ಶುರುವಾಗಿರುತ್ತದೆ, ಹೊಟ್ಟೆಯೂ ಹದ ತಪ್ಪಿರುತ್ತದೆ. ಬಸ್ ಹತ್ತುವ ಮುನ್ನ ಮತ್ತೆ ಮತ್ತೆ ಶೌಚಕ್ಕೆ ಓಡಬೇಕು, ಉಂಡರೆ ಉಬ್ಬರ, ಇಲ್ಲವೇ ಮಲಬದ್ಧತೆ. ಟೆನ್ಶನ್‌ನಿಂದ ಹೊಟ್ಟೆ ಕೆಟ್ಟಿತೋ, ಹೊಟ್ಟೆ ಕೆಟ್ಟು ಟೆನ್ಶನ್ ಬಂತೋ ಎಂದು ಎಲ್ಲರೂ ಕೇಳುತ್ತಾರೆ. ಎರಡೂ ಆಗುತ್ತದೆ ಎನ್ನುತ್ತೇನೆ. ಕರುಳನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರದ ಎಳೆಗಳಲ್ಲಿ ಬಹುಪಾಲು ಕೆಳಗಿನಿಂದ ಮೇಲಕ್ಕೇ ಸುದ್ದಿ ಒಯ್ಯುತ್ತವೆ.

ಕೆಲವರು ಪ್ರೊಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್ ಕೊಂಡೇ ಬಂದಿರುತ್ತಾರೆ. ಐರ್ಲೆಂಡಿನ ಕಾರ್ಕ್‌ನಲ್ಲಿ ಜಾನ್ ಕ್ರಯಾನ್ ಮತ್ತು ಸಂಗಡಿಗರು 2011ರಲ್ಲಿ ಇಲಿಗಳಿಗೆ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಉಣಿಸಿದಾಗ ಅವುಗಳ ಆತಂಕದ ವರ್ತನೆ ತಗ್ಗಿತು. ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ತಗ್ಗಲಿಲ್ಲ. ಅದ್ಭುತವಾದ ಕೆಲಸ. ಆದರೆ ಅದೇ ತಳಿಯನ್ನು ಮುಂದೆ ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದಾಗ ಔಷಧವಿಲ್ಲದ ಹುಸಿಮಾತ್ರೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಮನಸ್ಸಿನ ಸ್ಥಿತಿಯೊಂದಿಗೆ ತಳಕು ಹಾಕುವ ಸೆರೊಟೋನಿನ್ ಎಂಬ ರಾಸಾಯನಿಕದಲ್ಲಿ, ದೇಹದಲ್ಲಿರುವುದರ ಸುಮಾರು ಶೇ. 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ ಎಂಬ ಮಾತೂ ನಿಜವೇ. ಅದು ರಕ್ತದಿಂದ ಮಿದುಳಿನೊಳಕ್ಕೆ ದಾಟುವುದಿಲ್ಲ ಎಂಬುದನ್ನು ಮಾತ್ರ ಜಾಹೀರಾತುಗಳು ಹೇಳುವುದಿಲ್ಲ. ಓದುವ ಮಕ್ಕಳ ದುಡ್ಡನ್ನು ಕ್ಯಾಪ್ಸೂಲಿಗೆ ಸುರಿಸಲು ನನಗೆ ಮನಸ್ಸಿಲ್ಲ.

ನನಗೆ ಧೈರ್ಯ ಕೊಟ್ಟದ್ದು ಆಸ್ಟ್ರೇಲಿಯಾದ ಫೆಲಿಸ್ ಜಾಕಾ ಅವರ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗ. ಖಿನ್ನತೆಯಿದ್ದ 67 ಜನರಲ್ಲಿ ಒಂದು ಗುಂಪಿಗೆ 12 ವಾರ ಆಹಾರ ಸಲಹೆ, ಇನ್ನೊಂದಕ್ಕೆ ಸ್ನೇಹದ ಮಾತುಕತೆ. ಕೊನೆಗೆ ಖಿನ್ನತೆಯಿಂದ ಹೊರಬಂದವರು ಮೊದಲ ಗುಂಪಿನಲ್ಲಿ ಸುಮಾರು ಶೇ. 32, ಎರಡನೆಯದರಲ್ಲಿ ಶೇ. 8. ಚಿಕ್ಕ ಪ್ರಯೋಗ ನಿಜ. ಅವರಲ್ಲಿ ಬಹುತೇಕರು ತಮ್ಮ ಮಾಮೂಲಿ ಚಿಕಿತ್ಸೆಯಲ್ಲೂ ಇದ್ದರು. ಹೀಗಾಗಿ ನಾನು ಯಾರ ಮಾತ್ರೆಯ ಗೊಡವೆಗೂ ಹೋಗುವುದಿಲ್ಲ; ಅದು ವೈದ್ಯರ ಕೆಲಸ.

ಮೊದಲು ಒಂದು ನೋಟ್‌ಬುಕ್ ಬರೆಸುತ್ತೇನೆ: ಉಂಡ ಹೊತ್ತು, ಉಂಡದ್ದು, ನಿದ್ದೆ, ಶೌಚ, ಎದೆ ಢವಗುಟ್ಟಿದ ಹೊತ್ತು. ಸಪ್ತಾಪುರದ ಬಾಡಿಗೆ ಕೋಣೆಯಲ್ಲಿದ್ದ ಒಬ್ಬ ಹುಡುಗನ ಪುಟಗಳಲ್ಲಿ ಬೆಳಿಗ್ಗೆ ಚಹಾ ಬಿಸ್ಕತ್ತು, ಮಧ್ಯಾಹ್ನ ಅನ್ನ ಸಾರು, ಸಂಜೆ ಗಿರ್ಮಿಟ್ ಮಿರ್ಚಿ, ರಾತ್ರಿ ಮತ್ತೆ ಚಹಾ. ನಾರಿನ ಸುಳಿವೇ ಇಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಬದುಕುವುದು ನಮಗೆ ಜೀರ್ಣವಾಗದ ಆ ನಾರನ್ನು ತಿಂದೇ. ಅದನ್ನು ಹುಳಿಸಿ ಅವು ಬ್ಯುಟಿರೇಟ್‌ನಂಥ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಇಂಧನ. ಆ ಪದರ ಗಟ್ಟಿಯಿದ್ದರೆ ಉರಿಯೂತ ಹಿಡಿತದಲ್ಲಿರುತ್ತದೆ, ಖಿನ್ನತೆಯ ಅಧ್ಯಯನಗಳಲ್ಲಿ ಉರಿಯೂತದ ಹೆಸರು ಪದೇ ಪದೇ ಬರುತ್ತದೆ.

ಒಲೆಯೇ ಇಲ್ಲದ ಹುಡುಗನಿಗೆ ಅಡುಗೆ ಹೇಳಿಕೊಟ್ಟು ಏನು ಪ್ರಯೋಜನ? ಹತ್ತಿರದ ಖಾನಾವಳಿಯಲ್ಲಿ ಏನು ಸಿಗುತ್ತದೆ ಎಂದು ಕೇಳಿದೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಮೆಂತ್ಯದ ಪಚಡಿ, ಅಗಸಿ ಚಟ್ನಿ, ಮೊಸರು. ಬೇಕಾದದ್ದೆಲ್ಲ ಅಲ್ಲೇ ಇತ್ತು. ಆದರೂ ಮೊದಲು ಬದಲಿಸಿದ್ದು ಮಧ್ಯಾಹ್ನದ ಅನ್ನವೊಂದನ್ನೇ, ಅರ್ಧಕ್ಕೆ ಇಳಿಸಿ ಒಂದು ರೊಟ್ಟಿ. ಕಾಳು ಎರಡು ಚಮಚದಿಂದ ಶುರು. ಇಲ್ಲಿ ಅವಸರ ಕೂಡದು. ನಾರು ಒಮ್ಮೆಲೇ ಹೆಚ್ಚಿದರೆ ಗ್ಯಾಸ್ ಆಗುತ್ತದೆ. ಆತಂಕದಲ್ಲಿರುವವರಿಗೆ ಹೊಟ್ಟೆಯ ಗುಡುಗುಡು ಸದ್ದೇ ಹೊಸ ಭಯ, ಮರುದಿನವೇ ಬಿಟ್ಟುಬಿಡುತ್ತಾರೆ. ಉಬ್ಬರ ಹೆಚ್ಚಿರುವವರಿಗೆ ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿಯನ್ನು ಕೆಲಕಾಲ ಬಿಡಿಸುತ್ತೇನೆ.

ಮನೆಯಲ್ಲಿರುವವರಿಗೆ ಅಂಬಲಿ ಹೇಳುತ್ತೇನೆ. ರಾತ್ರಿ ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಟ್ಟು, ಬೆಳಿಗ್ಗೆ ಹುಳಿ ಬಂದ ಮೇಲೆ ಕುದಿಸುವುದು ನಮ್ಮ ಕಡೆಯ ಪದ್ಧತಿ. ಕುದಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತವೆ, ಇಡ್ಲಿಯ ಕತೆಯೂ ಅದೇ. ಆದ್ದರಿಂದ ಅಂಬಲಿ ಪೂರ್ತಿ ಆರಿದ ಮೇಲೆ ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿನ ಮಜ್ಜಿಗೆಯನ್ನು ಮತ್ತೆ ಬೆರೆಸಲು ಹೇಳುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊಸರಿನಂಥ ಹುದುಗಿದ ಆಹಾರ ಹೆಚ್ಚಿಸಿದವರ ಕರುಳಿನಲ್ಲಿ ಬ್ಯಾಕ್ಟೀರಿಯಾದ ವೈವಿಧ್ಯ ಹೆಚ್ಚಿ, ಉರಿಯೂತದ ಗುರುತುಗಳು ಇಳಿದಿದ್ದವು.

ಆ ಹುಡುಗನ ಹೊಟ್ಟೆ ಮೊದಲು ಹತೋಟಿಗೆ ಬಂತು, ನಿದ್ದೆ ಆಮೇಲೆ. ಗಾಬರಿ ತಗ್ಗಲು ಇನ್ನೂ ಸಮಯ ಹಿಡಿಯಿತು, ಅದರ ಶ್ರೇಯಸ್ಸು ಮೊದಲು ವೈದ್ಯರ ಚಿಕಿತ್ಸೆಗೆ ಸಲ್ಲಬೇಕು. ಶೌಚದ ಹೆದರಿಕೆ ಬಿಟ್ಟು ಊರಿಗೆ ಬಸ್ಸಿನಲ್ಲಿ ಹೋಗಿಬಂದೆ ಎಂದು ಅವನು ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ನಾನು ಊಟದ ಮಾತೇ ಎತ್ತುವುದಿಲ್ಲ, ನೇರ ವೈದ್ಯರ ಬಳಿಗೆ ಕಳುಹಿಸುತ್ತೇನೆ. ಬದುಕುವುದೇ ಬೇಡ ಎನ್ನುವ ಮಾತು ಬಾಯಿಗೆ ಬಂದವರನ್ನು ಒಬ್ಬರನ್ನೇ ಬಿಡದೆ, ಆಗಿಂದಾಗಲೇ ಮನೋವೈದ್ಯರಿಗೆ ಫೋನ್ ಮಾಡುತ್ತೇನೆ. ರಾತ್ರಿ ಹೊತ್ತಿಗೂ ಬೇಕಾದೀತೆಂದು ಎಲ್ಲರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಬರೆದುಕೊಡುತ್ತೇನೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.